ರುದ್ರಮುನಿಯವರ ಗಿಟಾರಿನ ಕುದುರೆ

ಚೆನ್ನೈಯ ಪಲ್ಲಾವರದ ಮೇಲೆ ವಿಮಾನಗಳು ಎಷ್ಟು ತಗ್ಗಿನಲ್ಲಿ ಹಾರುತ್ತವೆಂದರೆ, ರುದ್ರಮುನಿಯವರು ಮಾಳಿಗೆಯ ಮೇಲೆ ಒಣಹಾಕಿದ್ದ ಧೋತರ ಒಮ್ಮೆ ಚಕ್ರಕ್ಕೆ ಸಿಕ್ಕಿ ಸಿಂಗಪುರಕ್ಕೆ ಹೋಗಿಬಂದಿದೆ. ಹೋದದ್ದು ಸರಿ, ಬಂದದ್ದು ಹೇಗೆ ಎಂದು ಕೇಳಿದವರಿಗೆ ಅವರು, "ಸಂಜಿ ವಿಮಾನಕ್ಕ ಬಂತು. ಮಡಚಿ ಕಳಿಸಿದ್ರು, ಪಾಪ," ಎನ್ನುತ್ತಾರೆ.

ಇಂಥ ಮಾತನ್ನು ಮುಖದ ಒಂದು ಗೆರೆಯೂ ಅಲುಗದಂತೆ ಹೇಳುವ ವಿದ್ಯೆ ಅವರಿಗೆ ವ್ಯಾಪಾರದಿಂದ ಬಂದದ್ದು. ಅವರದು ಬ್ಯಾಡಗಿ ಮೆಣಸಿನಕಾಯಿಯ ವ್ಯಾಪಾರ. ಮೀಸೆ ಮೂಡುವ ವಯಸ್ಸಿನಲ್ಲಿ ಹಾವೇರಿ ಸೀಮೆಯಿಂದ ತಂದೆಯ ಚೀಲಗಳ ಹಿಂದೆ ಬಂದವರು, ಅರವತ್ತು ದಾಟಿದರೂ ಇಲ್ಲಿಯೇ ಇದ್ದಾರೆ. ಊರಿನ ಹೆಸರು ಮದ್ರಾಸು ಹೋಗಿ ಚೆನ್ನೈ ಆದಾಗ ಅಂಗಡಿಯ ಬೋರ್ಡು ಬದಲಾಯಿತು. ಅವರ ಕನ್ನಡ ಬದಲಾಗಲಿಲ್ಲ. ಅದರ ಜಗಲಿಯ ಮೇಲೆ ತಮಿಳು ಬಂದು ಬಾಡಿಗೆಗೆ ಕೂತಿತು, ಅಷ್ಟೆ.

ನಲವತ್ತು ವರ್ಷ ಮೆಣಸಿನಕಾಯಿಯ ನಡುವೆ ಕಳೆದ ಮೈ ಅದು. ಅವರನ್ನು ಕಚ್ಚಿದ ಸೊಳ್ಳೆ ಸೀನುತ್ತ ಹೋಗಿ ಪಕ್ಕದ ಮನೆಯಲ್ಲಿ ನೀರು ಕೇಳುತ್ತದೆ. ಅವರಿಗೆ ಕ್ಷೌರ ಮಾಡುವವನು ಅಳುತ್ತಲೇ ಮಾಡುತ್ತಾನೆ. ಮದುವೆಯಲ್ಲಿ ತಾಳಿ ಕಟ್ಟುವಾಗ ನೀಲಗಂಗಮ್ಮನವರ ಕಣ್ಣಲ್ಲಿ ಧಾರಾಕಾರ ನೀರು ಸುರಿದಿತ್ತು. ತವರು ಬಿಡುವ ಸಂಕಟವೆಂದು ಇಡೀ ಚಪ್ಪರವೇ ಮೂಗು ಒರೆಸಿಕೊಂಡಿತು. "ತವರೂ ಇಲ್ಲ, ಏನೂ ಇಲ್ಲ," ಎಂದು ನೀಲಗಂಗಮ್ಮ ಇವತ್ತಿಗೂ ಹೇಳುತ್ತಾರೆ. "ಇವರ ಕೈಯ ಘಾಟು ಅದು."

ನೀಲಗಂಗಮ್ಮ ಧಾರವಾಡದ ಕಡೆಯವರು. ಹಾಡುತ್ತಾರೆ. ಹಾಡುತ್ತಿದ್ದರು ಎನ್ನಬೇಕು; ಈ ಕಥೆಯ ತೊಡಕೇ ಅದು.

ಶ್ರಾವಣ ಸೋಮವಾರಗಳಂದು ಸಂಜೆ ಎಗ್ಮೋರಿನ ಒಂದು ಬಾಡಿಗೆ ಸಭಾಂಗಣದಲ್ಲಿ ಕನ್ನಡದವರ ಬಳಗವೊಂದು ಸೇರುತ್ತದೆ. ಜವಳಿ, ಮೆಣಸಿನಕಾಯಿ, ಬೇಳೆಕಾಳಿನ ಹಳೆಯ ಮನೆತನಗಳು ಒಂದು ಕಡೆ ಕೂರುತ್ತವೆ. ಮಂಡ್ಯ, ಮೈಸೂರಿನಿಂದ ಮೊನ್ನೆ ಮೊನ್ನೆ ನೌಕರಿಗೆ ಬಂದವರು ಇನ್ನೊಂದು ಕಡೆ. ಮಕ್ಕಳು ಎರಡೂ ಕಡೆ ಓಡಾಡುತ್ತ ತಮಿಳಿನಲ್ಲಿ ಜಗಳವಾಡುತ್ತವೆ. ಅಲ್ಲಿ ನೀಲಗಂಗಮ್ಮನವರ ವಚನಗಾಯನವಿಲ್ಲದೆ ಪ್ರಸಾದಕ್ಕೆ ಎಲೆ ಬೀಳುತ್ತಿರಲಿಲ್ಲ. ಹಾರ್ಮೋನಿಯಂ ಹಿರಿಯರಾದ ಹಾಲಸಿದ್ದಪ್ಪನವರದು. ಅವರು ಮಗಳ ಮನೆಯಲ್ಲಿರಲು ಹುಬ್ಬಳ್ಳಿಗೆ ಹೋದರು. ಹಾರ್ಮೋನಿಯಂ ಅವರ ಜೊತೆ ಹೋಯಿತು, ಶ್ರುತಿ ಹಾರ್ಮೋನಿಯಂ ಜೊತೆ ಹೋಯಿತು.

ಆಗ ರುದ್ರಮುನಿಯವರು, "ನಾ ಅದೀನಲ್ಲ," ಎಂದರು.

ಹುಡುಗನಾಗಿದ್ದಾಗ ಯಾರದೋ ಮದುವೆಯ ಆರತಕ್ಷತೆಯಲ್ಲಿ ಎಲೆಕ್ಟ್ರಿಕ್ ಗಿಟಾರ್ ಕೇಳಿ ಊಟ ಬಿಟ್ಟು ನಿಂತಿದ್ದವರು ಅವರು. ಆ ಆಸೆ ಮೆಣಸಿನಕಾಯಿ ಚೀಲಗಳ ಕೆಳಗೆ ಬಹುಕಾಲ ಬಿದ್ದಿತ್ತು. ಒಂದು ಶುಕ್ರವಾರ ಪಲ್ಲಾವರದ ಸಂತೆಯಲ್ಲಿ ಕೆಟ್ಟ ಮಿಕ್ಸಿಗೂ ನಿಂತ ಗಡಿಯಾರಕ್ಕೂ ನಡುವೆ ಒಂದು ಕೆಂಪು ಗಿಟಾರ್ ಒರಗಿತ್ತು. ಬ್ಯಾಡಗಿ ಕಾಯಿಯದೇ ಕೆಂಪು. ಅವರು ಅಲ್ಲಿಯೇ ನಿಂತುಬಿಟ್ಟರು.

"ಫಾರಿನ್ ಪೀಸ್ ಸಾರ್," ಎಂದ ಮಾರುವವನು. "ನೀಂಗ ವಾಸಿಕ್ಕವೇ ವೇಣಾಂ. ಅದುವೇ ಪಾಡುಂ."

ನುಡಿಸುವುದೇ ಬೇಡವಂತೆ, ತಾನಾಗಿಯೇ ಹಾಡುತ್ತದಂತೆ. ಆ ಮನುಷ್ಯ ಹೇಳಿದ್ದು ಅಕ್ಷರಶಃ ನಿಜವಾಗಿತ್ತು. ಆ ಗಿಟಾರ್ ರುದ್ರಮುನಿಯವರು ನುಡಿಸಿದ್ದನ್ನು ಬಿಟ್ಟು ತನಗೆ ತೋಚಿದ್ದನ್ನೇ ಹಾಡುತ್ತಿತ್ತು.

ಕಾರಣ ಅದರ ಕುದುರೆ. ತಂತಿಗಳು ಹಾದುಹೋಗುವ ಆ ಪಟ್ಟಿಗೆ ನಮ್ಮ ವೀಣೆ ತಂಬೂರಿಯವರು ಕುದುರೆ ಎನ್ನುತ್ತಾರೆ. ವೀಣೆಯ ಕುದುರೆ ಲಾಯದಲ್ಲಿ ಕಟ್ಟಿದ ಕುದುರೆ, ಇದ್ದಲ್ಲಿ ಇರುತ್ತದೆ. ಈ ಗಿಟಾರಿನದು ಹಾಗಲ್ಲ. ಅದು ಹಿಂದೆ ಮುಂದೆ ತೂಗುವಂಥದು. ಒಂದು ಕಡ್ಡಿ ಸಿಕ್ಕಿಸಿ ಅಲ್ಲಾಡಿಸಿದರೆ ಸ್ವರ ನಡುಗಲಿ ಎಂದು ಬೇರೆ ದೇಶದ ಪುಣ್ಯಾತ್ಮರು ಮಾಡಿಟ್ಟ ಏರ್ಪಾಡು. ಕಡ್ಡಿ ಎಂದೋ ಕಳೆದಿತ್ತು, ನಡುಕ ಮಾತ್ರ ಉಳಿದಿತ್ತು. ವಚನಕ್ಕೆ ತಕ್ಕಂತೆ ಒಂದು ತಂತಿಯನ್ನು ಎಳೆದು ಬಳುಕಿಸಿದರೆ ಉಳಿದ ಐದೂ ಸಡಿಲವಾಗಿ ಕೆಳಗಿಳಿಯುತ್ತಿದ್ದವು. ಶ್ರುತಿ ಮಾಡಲು ಕೂತರೆ ಸ್ನಾನದಿಂದ ಊಟದವರೆಗೆ ಹಿಡಿಯುತ್ತಿತ್ತು. ಆರನೆಯ ತಂತಿ ಸರಿಹೋಗುವಷ್ಟರಲ್ಲಿ ಮೊದಲನೆಯದು ಊರು ಬಿಟ್ಟಿರುತ್ತಿತ್ತು. ಎದುರಿನ ತೆಂಗಿನಮರದ ಗಿಳಿಗಳು ಕಿವಿ ಕೆಡಿಸಿಕೊಳ್ಳಲಾರದೆ ತಾಂಬರಕ್ಕೆ ಮನೆ ಬದಲಾಯಿಸಿದವು.

ಕಳೆದ ಶ್ರಾವಣದ ಮೊದಲ ಸೋಮವಾರ ನಡೆದದ್ದು ಇದು. ನೀಲಗಂಗಮ್ಮ ಕಣ್ಣು ಮುಚ್ಚಿ ಹಾಡುತ್ತಿದ್ದರು. ಪಕ್ಕದಲ್ಲಿ ರುದ್ರಮುನಿಯವರ ಗಿಟಾರು. ನಡುವೆ ಒಂದು ತಂತಿ ಟಣ್ ಎಂದು ಕಿತ್ತುಹೋಯಿತು. ಆ ಕ್ಷಣವೇ ಉಳಿದ ತಂತಿಗಳೆಲ್ಲ ಬಿಗಿದು ಶ್ರುತಿ ಮೇಲಕ್ಕೆ ನೆಗೆಯಿತು. ಜೀವಮಾನವಿಡೀ ಶ್ರುತಿಗೆ ನಿಷ್ಠರಾದ ಹೆಂಗಸು. ಶ್ರುತಿ ಹೋದಲ್ಲಿಗೆ ತಾವೂ ಹೋದರು. ಗಾಬರಿಯಾದ ರುದ್ರಮುನಿ ಇನ್ನಷ್ಟು ಜೋರಾಗಿ ಮೀಟಿದರು, ಅವರು ಇನ್ನಷ್ಟು ಮೇಲೆ ಹತ್ತಿದರು. ಫ್ಯಾನಿನ ರೆಕ್ಕೆಯ ಹತ್ತಿರ ಎಲ್ಲೋ ಅವರ ಗಂಟಲು ಒಡೆಯಿತು. ಹಿಂದಿನ ಸಾಲಿನಲ್ಲಿ ಯಾರೋ ಕಿಸಕ್ಕೆಂದರು. ಬಳಗದ ಕಾರ್ಯದರ್ಶಿ ಪ್ರಮೋದ್ ಓಡಿಬಂದು ಮೈಕಿನಲ್ಲಿ, "ತಾಂತ್ರಿಕ ತೊಂದರೆ," ಎಂದರು. ನೀಲಗಂಗಮ್ಮ ಸೆರಗು ಸರಿಮಾಡಿಕೊಂಡು ಕೆಳಗಿಳಿದರು.

ಅಂದಿನಿಂದ ಅವರು ಹಾಡಲಿಲ್ಲ. ವೇದಿಕೆ ಹಾಳಾಗಲಿ, ಅಡಿಗೆಮನೆಯಲ್ಲೂ ಇಲ್ಲ. ಬೆಳಿಗ್ಗೆ ರೊಟ್ಟಿ ತಟ್ಟುವಾಗ ಆ ತಟತಟದ ಮೇಲೆ ತೇಲುತ್ತಿದ್ದ ಗುನುಗು ನಿಂತುಹೋಯಿತು. ಬರೀ ತಟತಟ. ರುದ್ರಮುನಿಯವರಿಗೆ ರೊಟ್ಟಿ ಗಂಟಲಲ್ಲಿ ಇಳಿಯುತ್ತಿರಲಿಲ್ಲ. ನಲವತ್ತು ವರ್ಷ ಆ ಗುನುಗಿನ ಜೊತೆ ತಿಂದದ್ದು. ಅದೂ ಒಂದು ಪಲ್ಯವೇ ಆಗಿತ್ತೆಂದು ಈಗ ತಿಳಿಯಿತು.

"ಈ ಸಲಾನಾದ್ರೂ ಹಾಡಬಾರ್ದೇನ?" ಎಂದು ಅವರು ಆಷಾಢದುದ್ದಕ್ಕೂ ಕೇಳಿದರು.

"ನಿಮ್ಮ ಗಿಟಾರು ಮೊದಲ ಒಂದು ಮಾತಿನ ಮ್ಯಾಲೆ ನಿಲ್ಲಲಿ. ಆಮ್ಯಾಲೆ ನೋಡೂಣು."

ಆದ್ದರಿಂದ ಈ ವರ್ಷ ಶ್ರಾವಣದ ಮೊದಲ ಸೋಮವಾರಕ್ಕೆ ಎರಡು ದಿನ ಇರುವಾಗ ಅವರು ಅಂದಾನಿಯನ್ನು ಮನೆಗೆ ಕರೆಸಿದರು. ಅಂದಾನಿ ಮಂಡ್ಯದ ಕಡೆಯವರು, ಕಾರಿನ ಕಾರ್ಖಾನೆಯಲ್ಲಿ ಎಂಜಿನಿಯರು, ಬಳಗದಲ್ಲಿ ತಬಲಾ ಅವರದೇ. ಗಿಟಾರನ್ನು ಮಗುಚಿ, ಬೆನ್ನಿನ ಮುಚ್ಚಳ ಬಿಚ್ಚಿ ಒಳಗೆ ಬೆರಳು ತೋರಿಸಿದರು.

"ಇಲ್ ನೋಡಿ ಯಜಮಾನ್ರೆ. ಮುಂದ್ಗಡೆ ತಂತಿಗಳು ಕುದ್ರೆನ ಆ ಕಡಿಕೆ ಎಳೀತವೆ. ಹಿಂದ್ಗಡೆ ಈ ಸ್ಪ್ರಿಂಗ್‌ಗಳು ಈ ಕಡಿಕೆ ಎಳೀತವೆ. ಎಲ್ಡೂ ಸಮ ಇದ್ರೆ ಕುದ್ರೆ ನಡುವ್ಕೆ ತೇಲ್ತಾ ನಿಂತಿರ್ತದೆ. ಒಂದ್ ತಂತಿ ಕಿತ್ತೋಯ್ತು ಅನ್ನಿ, ಸ್ಪ್ರಿಂಗ್ ಗೆದ್ಬುಡ್ತವೆ. ಮಿಕ್ಕಿದ್ ತಂತಿಯೆಲ್ಲ ಬಿಗ್ಕಂಡು ಶ್ರುತಿ ಮ್ಯಾಕ್ಕೋಯ್ತದೆ."

ರುದ್ರಮುನಿಯವರ ಮುಖ ಅರಳಿತು. "ಅಯ್ಯೋ ಸಾಮಿ, ಇದು ತಕ್ಕಡಿ!"

"ತಕ್ಕಡೀನೇ ಅನ್ಕಳಿ."

"ತಕ್ಕಡಿ ಅಳ್ಳಾಡಬಾರ್ದಂದ್ರ ಏನ್ ಮಾಡಬೇಕಂತ ಮೆಣಸಿನಕಾಯಿ ಯಾಪಾರಿ ಮುಂದ ಹೇಳ್ತಿಯೇನೊ ತಮ್ಮಾ? ಹೆಬ್ಬಟ್ಟು ಇಡಬೇಕು!"

"ಆ ಹೆಬ್ಬಟ್ಟಿನ ಮಾತು ಈ ಮನ್ಯಾಗ ಬ್ಯಾಡ," ಎಂದು ಅಡಿಗೆಮನೆಯಿಂದ ದನಿ ಬಂತು.

ಅದಕ್ಕೊಂದು ಹಿನ್ನೆಲೆಯಿದೆ. ರುದ್ರಮುನಿಯವರ ತಂದೆ ದೈವಭಕ್ತರು, ಸಜ್ಜನರು. ಆದರೆ ತೂಗುವಾಗ ಅವರ ಹೆಬ್ಬೆರಳು ತಾನಾಗಿ ತಕ್ಕಡಿಯ ಪರಡಿಯ ಮೇಲೆ ಹೋಗಿ ವಿಶ್ರಾಂತಿ ಪಡೆಯುತ್ತಿತ್ತು. ಹೊಸ ಸೊಸೆ ನೀಲಗಂಗಮ್ಮ ಮೊದಲ ಸಲ ಅಂಗಡಿಗೆ ಬಂದವರು, ಗಿರಾಕಿಗಳು ತುಂಬಿದ್ದಾಗ, "ಮಾವಾರ, ಕಾಯಿ ಜೋಡಿ ನಿಮ್ಮ ಹೆಬ್ಬಟ್ಟನ್ನೂ ಕೊಟ್ಟು ಕಳಸ್ತೀರೇನ್ರಿ?" ಎಂದು ಕೇಳಿಬಿಟ್ಟರು. ಆ ಹೆಬ್ಬೆರಳು ಅಲ್ಲಿಂದ ಎದ್ದದ್ದು ಮತ್ತೆ ಕೂರಲಿಲ್ಲ. ಮುದುಕರು ಕೊನೆಯವರೆಗೂ ಬಲಗೈಯನ್ನು ಜೇಬಿನಲ್ಲಿಟ್ಟುಕೊಂಡೇ ತೂಗಿದರು.

ಅಂದಾನಿ ನಕ್ಕು ಮುಂದುವರಿಸಿದರು. "ಹೆಬ್ಬೆಟ್ಟು ಬ್ಯಾಡ. ಈ ಸಂದಿಗೆ ಗಟ್ಟಿ ಮರದ ತುಂಡು ಒಂದ ಅಳತೆಗೆ ಕುಯ್ದು ಮಡಗಿ, ಸ್ಪ್ರಿಂಗ್ ಒಂದೀಟು ಬಿಗಿ ಮಾಡುದ್ರೆ, ಕುದ್ರೆ ಹೋಗಿ ಆ ತುಂಡಿಗೆ ಒತ್ಕಂಡು ಕುಂತ್ಕತದೆ. ಆಮ್ಯಾಕೆ ತಂತಿ ಕಿತ್ತೋಗ್ಲಿ, ನೀವು ಎಳೀರಿ, ಅಲ್ಲಾಡಕಿಲ್ಲ."

ಸ್ಪ್ರಿಂಗನ್ನು ಅವರು ಅಲ್ಲೇ ಬಿಗಿಮಾಡಿದರು. ಸಂದಿಗೆ ಸದ್ಯಕ್ಕೆ ರಟ್ಟು ಮಡಚಿ ತುರುಕಿದರು. "ಸೋಮವಾರ ಮರದ್ ತುಂಡ ಕಾರ್ಖಾನೇಲಿ ಮಾಡುಸ್ಕಂಡು ನಾನೇ ತತ್ತೀನಿ. ಅಲ್ಲೀಗಂಟ ಏನೂ ಮುಟ್ಬ್ಯಾಡಿ," ಎಂದು ಹೇಳಿ ಹೋದರು.

ಮುಟ್ಟಬೇಡಿ ಎಂಬ ಮಾತನ್ನು ರುದ್ರಮುನಿಯವರು ಯಾವ ಕಾಲಕ್ಕೂ ಪಾಲಿಸಿದವರಲ್ಲ. ಭಾನುವಾರ ಬೆಳಗಾಗುವಷ್ಟರಲ್ಲಿ ರಟ್ಟು ಒತ್ತಿ ಹೋಗಿ ಹಪ್ಪಳವಾಗಿತ್ತು. ಸ್ಪ್ರಿಂಗು ಎಳೆದು ಶ್ರುತಿ ಮೇಲೇರಿತ್ತು. ಸೋಮವಾರದವರೆಗೆ ಕಾಯುವುದೆ? ಅಭ್ಯಾಸ ಯಾವಾಗ? ಹೆಂಡತಿಗೆ ಕೇಳಿಸಿ ಒಪ್ಪಿಸುವುದು ಯಾವಾಗ? ಗಟ್ಟಿಯಾದ ವಸ್ತುವಿಗಾಗಿ ಮನೆಯೆಲ್ಲ ಹುಡುಕುತ್ತ ಅವರ ಕಣ್ಣು ಕಡಕ್ ರೊಟ್ಟಿಯ ಡಬ್ಬಿಯ ಮೇಲೆ ಬಿತ್ತು.

ನೀಲಗಂಗಮ್ಮನವರ ಕಡಕ್ ಜೋಳದ ರೊಟ್ಟಿ ಸಾಮಾನ್ಯ ವಸ್ತುವಲ್ಲ. ಒಮ್ಮೆ ಮಾಳಿಗೆಯಿಂದ ಜಾರಿಬಿದ್ದು ಕೆಳಗೆ ನಿಂತಿದ್ದ ಸ್ಕೂಟರಿನ ಕನ್ನಡಿ ಒಡೆದಿತ್ತು. ರೊಟ್ಟಿಗೆ ಏನೂ ಆಗಿರಲಿಲ್ಲ. ಅಂಚಿನಿಂದ ನಡುವಿನವರೆಗೆ ಕೂದಲೆಳೆಯಷ್ಟೂ ದಪ್ಪ ವ್ಯತ್ಯಾಸವಿಲ್ಲ. ರುದ್ರಮುನಿಯವರು ಅದನ್ನು ಚೌಕಾಕಾರವಾಗಿ ಮುರಿದು, ಒಂದರ ಮೇಲೊಂದು ಪೇರಿಸಿ, ಕುದುರೆಯನ್ನು ಅಂಗೈಯಿಂದ ಮುಂದಕ್ಕೆ ನೂಕಿ ಹಿಡಿದರು. ತೆರೆದ ಸಂದಿಗೆ ರೊಟ್ಟಿ ಇಳಿಸಿ ಕೈಬಿಟ್ಟರು. ಕುದುರೆ ರೊಟ್ಟಿಗೆ ಒತ್ತಿಕೊಂಡು ಕೂತಿತು. ತಂತಿ ಎಳೆದರು. ಉಳಿದವು ಅಲುಗಲಿಲ್ಲ! ಮಧ್ಯಾಹ್ನದವರೆಗೆ ಅವರು ನುಡಿಸಿದ್ದೇ ನುಡಿಸಿದ್ದು.

ಆದರೆ ಅವರು ಒಂದನ್ನು ಮರೆತಿದ್ದರು. ಆ ರೊಟ್ಟಿ ಧಾರವಾಡದ ಹವೆಗೆ ಹುಟ್ಟಿದ್ದು. ಚೆನ್ನೈಯಲ್ಲಿ ಸಂಜೆಯಾದರೆ ಕಾಸಿಮೇಡಿನ ಬಂದರಿನಿಂದ ಹೊರಟ ಸಮುದ್ರದ ಗಾಳಿ ಮೀನಿನ ಬೆಲೆ ವಿಚಾರಿಸುತ್ತ, ದಾರಿಯಲ್ಲಿ ಎಲ್ಲರ ಅಂಗಿಗಳನ್ನು ಬೆನ್ನಿಗೆ ಅಂಟಿಸುತ್ತ ಪಲ್ಲಾವರಕ್ಕೆ ಬರುತ್ತದೆ. ಆ ತೇವದಲ್ಲಿ ಬಾಗಿಲುಗಳೇ ಉಬ್ಬಿ ತೆರೆಯದೆ ಹೋಗುತ್ತವೆ. ಡಬ್ಬಿಯಿಂದ ಹೊರಬಂದ ರೊಟ್ಟಿ ಎಷ್ಟರದು? ದೀಪ ಹಚ್ಚುವ ಹೊತ್ತಿಗೆ ಅದು ಮೆತ್ತಗಾಗಿ ಸೊಟ್ಟಗಾಯಿತು. ಶ್ರುತಿ ಮತ್ತೆ ಮೇಲೆ. ಸಾಲದ್ದಕ್ಕೆ, ದೇವರ ಮನೆಯ ಮೂಲೆಯಿಂದ ಗಿಟಾರಿನ ಬೆನ್ನಿನವರೆಗೆ ಕೆಂಪು ಇರುವೆಗಳ ಮೆರವಣಿಗೆ.

ನೀಲಗಂಗಮ್ಮ ಸೊಂಟದ ಮೇಲೆ ಕೈಯಿಟ್ಟು ನೋಡಿದರು. "ಏನ್ರಿ, ಗಿಟಾರಿಗೆ ಊಟಕ್ಕ ಹಾಕೀರೇನು?"

"ಒಂದ್ ತುಣುಕು... ಸುಮ್ನ..."

"ಪಲ್ಯಾ ಬ್ಯಾಡೇನ ಅದಕ್ಕ?"

ಸೋಮವಾರ ಬೆಳಿಗ್ಗೆ ಸ್ನಾನ ಮುಗಿಸಿ ರುದ್ರಮುನಿಯವರು ಪೂಜೆಗೆ ಕೂತರು. ಮನಸ್ಸು ಲಿಂಗದ ಮೇಲೆ ನಿಲ್ಲದೆ ಗಿಟಾರಿನ ಸಂದಿಗೆ ಹೋಗಿ ಹೋಗಿ ಬರುತ್ತಿತ್ತು. ಹಣೆಗೆ ಹಚ್ಚಿಕೊಳ್ಳಲು ವಿಭೂತಿ ಗಟ್ಟಿಯನ್ನು ಕೈಗೆತ್ತಿಕೊಂಡರು. ಬೆರಳು ಹಾಗೇ ನಿಂತಿತು. ಎಂಥ ಚೌಕ! ಎಂಥ ಅಂಚು! ಹೆಬ್ಬೆರಳಿನಷ್ಟು ದಪ್ಪ. ಮೊನ್ನೆಯಷ್ಟೇ ಊರಿನಿಂದ ತರಿಸಿದ ಇನ್ನೊಂದು ಹೊಸ ಗಟ್ಟಿ ಕಾಗದದಲ್ಲಿ ಸುತ್ತಿಕೊಂಡೇ ಇತ್ತು. ಅದಕ್ಕೆ ತೇವ ತಾಗದು, ಇರುವೆ ಹತ್ತದು. ರುದ್ರಮುನಿಯವರು ಕಣ್ಣು ಮುಚ್ಚಿ, "ಶಿವನ, ಹಾಡೂದೂ ನಿನ್ನ ಸಲುವಾಗೇ. ಸಿಟ್ಟಾಗಬ್ಯಾಡ," ಎಂದು ಕೇಳಿಕೊಂಡರು. ಶಿವ ಬೇಡವೆನ್ನಲಿಲ್ಲ. ಅವರಿಗೆ ಅಷ್ಟೇ ಸಾಕಿತ್ತು.

ಗಟ್ಟಿ ಸಂದಿನಲ್ಲಿ ಹೇಗೆ ಕೂತಿತೆಂದರೆ, ಆ ಬೇರೆ ದೇಶದವರು ಗಿಟಾರ್ ಕೊರೆಯುವ ಮೊದಲು ಹಾವೇರಿಗೆ ಬಂದು ಅಳತೆ ತೆಗೆದುಕೊಂಡು ಹೋಗಿರಬೇಕು. ತಂತಿ ಎಳೆದರು, ಜಗ್ಗಿದರು, ಗುದ್ದಿದರು. ಕುದುರೆ ಕಲ್ಲಾಗಿತ್ತು. ಸಂತೋಷಕ್ಕೆ ಕಣ್ಣು ಒರೆಸಿಕೊಂಡರು. ಬೆರಳಿನ ಘಾಟಿಗೆ ಇನ್ನಷ್ಟು ನೀರು ಬಂತು.

"ಹೊಸಾ ವಿಭೂತಿ ಎಲ್ಲೈತ್ರಿ?" ಎಂದು ದೇವರ ಮನೆಯಿಂದ ಕೇಳಿದರು ನೀಲಗಂಗಮ್ಮ.

"ಇರಬೇಕು ಅಲ್ಲೇ... ಎಲ್ಲಿ ಹೋಗ್ತೈತಿ ಅದು."

"ನಾ ಏನ್ ಕೇಳೀನಿ, ನೀವ್ ಏನ್ ಹೇಳಾಕತ್ತೀರಿ?"

"ಇವತ್ತು ಹಾಡ್ತೀಯೇನ? ಗಿಟಾರು ನಿಂತೈತಿ."

ನೀಲಗಂಗಮ್ಮ, "ಮೊದಲ ಅಲ್ಲಿ ನಿಲ್ಲಲಿ. ಕೇಳ್ತೀನಿ, ಕುಂತು," ಎಂದರು. ಹಾಡುತ್ತೇನೆ ಎನ್ನಲಿಲ್ಲ. ಹಾಡುವುದಿಲ್ಲ ಎಂದೂ ಅನ್ನಲಿಲ್ಲವಲ್ಲ ಎಂದು ರುದ್ರಮುನಿಯವರು ಎಗ್ಮೋರಿನವರೆಗೆ ಅದನ್ನೇ ಚಪ್ಪರಿಸುತ್ತ ಹೋದರು.

ಸಭಾಂಗಣದಲ್ಲಿ ಅಂದಾನಿ ಕಾದಿದ್ದರು. "ತುಂಡು ತಂದಿವ್ನಿ ಯಜಮಾನ್ರೆ, ಒಳ್ಳೆ ತೇಗ. ಕಾರಲ್ಲದೆ. ಹಾಕ್ಬುಡಾನಾ?"

"ಬ್ಯಾಡೊ ತಮ್ಮಾ," ಎಂದರು ರುದ್ರಮುನಿ ಗಂಭೀರವಾಗಿ. "ನನ್ನ ಬಂದೋಬಸ್ತು ಆಗೈತಿ. ತೇಗ ಅದರ ಮುಂದ ಏನೂ ಅಲ್ಲ."

ಅವರು ವೇದಿಕೆ ಹತ್ತಿದರು. ನೀಲಗಂಗಮ್ಮ ಮೂರನೆಯ ಸಾಲಿನಲ್ಲಿ ಕೂತರು, ಕೈಚೀಲವನ್ನು ಮಡಿಲಲ್ಲಿಟ್ಟು, ಮುಖ ಬಾಗಿಲು ಹಾಕಿದ ಅಂಗಡಿಯ ಹಾಗೆ. ರುದ್ರಮುನಿಯವರು ಬೇಕೆಂದೇ ಹೋದ ವರ್ಷ ಒಡೆದ ಆ ವಚನವನ್ನೇ ಎತ್ತಿಕೊಂಡರು. ಹಾಡುವವರಿಲ್ಲ, ಬರೀ ಗಿಟಾರು. ಮೊದಲ ಎಳೆತ, ಶ್ರುತಿ ನಿಂತಿತ್ತು. ಎರಡನೆಯ ಎಳೆತ, ನಿಂತಿತ್ತು. ಮೂರನೆಯ ಸಾಲಿನಲ್ಲಿ ಒಂದು ಹುಬ್ಬು ಸ್ವಲ್ಪ ಮೇಲೆದ್ದದ್ದನ್ನು ಅವರು ಕಂಡರು. ಹುರುಪು ಏರಿತು. ಗಿಟಾರಿಗೆ ಜೋಡಿಸಿದ್ದ ಸ್ಪೀಕರನ್ನು ಜೋರು ಮಾಡಿದರು. ಅಂದಾನಿಯ ತಬಲಾಕ್ಕೆ ಎಗ್ಮೋರ್ ಸ್ಟೇಷನ್ನಿನಲ್ಲಿ ನಿಂತಿದ್ದ ರೈಲುಗಳು ಹಸಿರು ನಿಶಾನೆಗೆ ಕಾಯದೆ ಹೊರಡುವಂತಾಯಿತು.

ವಿಭೂತಿ ಕಲ್ಲಿನ ಹಾಗೆ ಕಾಣುತ್ತದೆ, ಕಲ್ಲಲ್ಲ. ಸ್ಪ್ರಿಂಗು ಒತ್ತುತ್ತಿತ್ತು, ತಂತಿ ನಡುಗುತ್ತಿತ್ತು, ತಬಲಾ ಗುದ್ದುತ್ತಿತ್ತು. ಗಿಟಾರಿನ ಬೆನ್ನಿನಿಂದ ಮೊದಲು ಒಂದು ಎಳೆ, ಆಮೇಲೆ ಒಂದು ಹಿಡಿ, ಬೆಳ್ಳಗೆ, ನುಣ್ಣಗೆ ಬೂದಿ ಉದುರತೊಡಗಿತು. ವೇದಿಕೆಯ ದೀಪದಲ್ಲಿ ಅದು ಮಿರಿಮಿರಿ ಮಿನುಗಿತು. ಫ್ಯಾನಿನ ಗಾಳಿ ಅದನ್ನು ಮುಂದಿನ ಸಾಲಿಗೆ ಹಂಚಿತು.

ಮುಂದಿನ ಸಾಲಿನಲ್ಲಿದ್ದವರು ಜಯಲಕ್ಷ್ಮೀ, ಬಳಗದ ಎಲ್ಲರಿಗಿಂತ ಹಿರಿಯರು. ಮೂಗಿನ ಮೇಲೆ ಬಿದ್ದದ್ದನ್ನು ಬೆರಳಿಂದ ತೆಗೆದು ನೋಡಿದರು, ಮೂಸಿದರು. "ಶಿವಶಿವಾ! ವಿಭೂತಿ! ಗಿಟಾರಿಂದ ವಿಭೂತಿ ಬರ್ತಾ ಇದೆ!"

ಸಭೆ ಎದ್ದು ನಿಂತಿತು. ಚೆನ್ನೈಯಲ್ಲಿ ಬದುಕಿದ ಜನಕ್ಕೆ ಸಾಲು ಕಟ್ಟುವುದನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ಕಣ್ಣು ಮಿಟುಕಿಸುವಷ್ಟರಲ್ಲಿ ಬಾಗಿಲಿನಾಚೆಯವರೆಗೆ ಸಾಲು ಬೆಳೆಯಿತು. ದಾರಿಯಲ್ಲಿ ಹೋಗುವವರೂ ಏನೆಂದು ಕೇಳದೆ ಬಂದು ಸೇರಿದರು. "ಲೈನ್‌ನಲ್ಲಿ ಬನ್ನಿ, ತಳ್ಳಬೇಡಿ," ಎಂದು ಪ್ರಮೋದ್ ಕೂಗುತ್ತಿದ್ದರು. ಯಾರೋ ಸ್ಪೀಕರಿನ ಮುಂದೆ ತೆಂಗಿನಕಾಯಿ ಒಡೆದರು. ಮಂಡಿನೋವಿನ ಒಬ್ಬರು ಬೂದಿ ಹಚ್ಚಿಕೊಂಡು ಮೆಟ್ಟಿಲನ್ನು ಎರಡೆರಡಾಗಿ ಹಾರಿದರೆಂದು ಆಮೇಲೆ ಹೇಳಿದವರಿದ್ದಾರೆ. ಆ ಸಭಾಂಗಣಕ್ಕೆ ಮೆಟ್ಟಿಲೇ ಇಲ್ಲ, ಆ ಮಾತು ಬೇರೆ.

ರುದ್ರಮುನಿಯವರಿಗೆ ಮೈಯೆಲ್ಲ ಬೆವರು. ನುಡಿಸುವುದನ್ನು ನಿಲ್ಲಿಸಿದರೆ ಗಿಟಾರು ನಿಲ್ಲಲಿಲ್ಲವೆಂದು ಆಗುತ್ತದೆ. ನುಡಿಸಿದರೆ ಬೂದಿ ಉದುರುತ್ತದೆ. ಅಲ್ಲ ಅಲ್ಲ ಎಂದು ತಲೆ ಅಲ್ಲಾಡಿಸಿದರು. "ಆವೇಶ ಬಂದಿದೆ," ಎಂದರು ಜಯಲಕ್ಷ್ಮೀ. ಇನ್ನೂ ಜೋರಾಗಿ ಅಲ್ಲಾಡಿಸಿದರು. ಜನ ಕೈಮುಗಿದರು.

ಮತ್ತು ಬೂದಿ ಇಳಿದಷ್ಟೂ ಶ್ರುತಿ ಏರುತ್ತಿತ್ತು. ಮೊದಲು ಕೂದಲೆಳೆಯಷ್ಟು, ಆಮೇಲೆ ನೂಲಿನಷ್ಟು. ಆ ನೂರಾರು ಜನರಲ್ಲಿ ಅದು ಕೇಳಿಸಿದ್ದು ಇಬ್ಬರಿಗೇ. ಒಬ್ಬರು ವೇದಿಕೆಯ ಮೇಲೆ ಕಣ್ಣೀರು ತಡೆಯುತ್ತಿದ್ದರು. ಇನ್ನೊಬ್ಬರು ಮೂರನೆಯ ಸಾಲಿನಲ್ಲಿ ಕೈಚೀಲವನ್ನು ಪಕ್ಕದ ಕುರ್ಚಿಯ ಮೇಲಿಟ್ಟು ಎದ್ದರು.

"ಅಕ್ಕಾ, ಲೈನ್‌ನಲ್ಲಿ ಬನ್ನಿ," ಎಂದರು ಪ್ರಮೋದ್.

"ನಾ ಅವರ ಹೇಣ್ತಿ."

"ಹೆಂಡ್ತಿ ಆದ್ರೂ ಲೈನ್ ಲೈನೇ ಅಕ್ಕಾ, ಎಲ್ಲರೂ ಭಕ್ತರೇ..."

ನೀಲಗಂಗಮ್ಮ ಅವರನ್ನು ಒಂದು ನೋಟ ನೋಡಿದರು. ಪ್ರಮೋದ್ ಲೈನಿನ ಕೊನೆಗೆ ತಾವೇ ಹೋಗಿ ನಿಂತರು.

ವೇದಿಕೆ ಹತ್ತಿ, ಗಂಡನ ಬೆನ್ನ ಹಿಂದೆ ಬಗ್ಗಿ, ಗಿಟಾರಿನ ಹೊಟ್ಟೆಯೊಳಗೆ ಇಣುಕಿದರು. ಅಲ್ಲಿ ಅವರ ದೇವರ ಮನೆಯ ಹೊಸ ವಿಭೂತಿ ಗಟ್ಟಿ ಅರ್ಧ ಕರಗಿ ಕೂತಿತ್ತು. ಅವರು ಮೈಕನ್ನು ತಮ್ಮ ಕಡೆ ಎಳೆದುಕೊಂಡರು.

"ಎಲ್ಲಾರೂ ಕೇಳ್ರಿ. ಇದು ಪವಾಡ ಅಲ್ಲ. ನಮ್ಮನಿ ವಿಭೂತಿ. ನಮ್ಮನಿಯವರು ಗಿಟಾರಿನ ಕುದುರಿ ಕದಲಬಾರ್ದು ಅಂತ ಹಾಕ್ಯಾರ. ನಿನ್ನೆ ರೊಟ್ಟಿ ಹಾಕಿದ್ರು. ಹೋಗಿ ಕುಂಡರ್ರಿ."

ಹಿಂದಿನ ಸಾಲಿನಿಂದ ಶುರುವಾದ ನಗು ಮುಂದಿನ ಸಾಲಿಗೆ ಬಂತು. ಜಯಲಕ್ಷ್ಮೀ ಮಾತ್ರ, "ಆದರೇನಮ್ಮ, ವಿಭೂತಿ ವಿಭೂತಿನೇ," ಎಂದು ಹಣೆಯದನ್ನು ಒರೆಸಿಕೊಳ್ಳಲಿಲ್ಲ.

ರುದ್ರಮುನಿಯವರು ತಲೆ ತಗ್ಗಿಸಿ ಗಿಟಾರನ್ನು ಭುಜದಿಂದ ಇಳಿಸಲು ಹೋದರು. "ಆತು ಬಿಡು, ನಿಲ್ಲಲಿಲ್ಲ ಇದು. ನಿನ್ನ ಮಾತು ಖರೆ."

"ಎಲ್ಲಿ ಹಿಡೀಬೇಕು?" ಎಂದರು ನೀಲಗಂಗಮ್ಮ.

"ಏನು?"

"ಆ ಕುದುರಿನ ಎಲ್ಲಿ ಹಿಡೀಬೇಕಂತ ಕೇಳಾಕತ್ತೀನಿ. ಲಗೂನ ಹೇಳ್ರಿ. ಇಷ್ಟು ಚಲೋ ಎತ್ತಿಕೊಂಡದ್ದನ್ನ ನಡಬರಕ ಬಿಡ್ತಾರೇನು?"

ರುದ್ರಮುನಿಯವರು ಅಂಗೈಯಿಂದ ಕುದುರೆಯನ್ನು ಮುಂದಕ್ಕೆ ನೂಕಿದರು. ಸಂದು ತೆರೆಯಿತು. ಉಳಿದ ವಿಭೂತಿಯನ್ನು ನೀಲಗಂಗಮ್ಮ ತೆಗೆದು, ಮೊದಲು ಹಣೆಗೆ ಹಚ್ಚಿಕೊಂಡು, ಸೆರಗಿನಲ್ಲಿ ಕಟ್ಟಿಕೊಂಡರು. ಆಮೇಲೆ ಆ ಸಂದಿನಲ್ಲಿ ತಮ್ಮ ಬಲಗೈ ಹೆಬ್ಬೆರಳನ್ನು ಇಟ್ಟರು. ನಲವತ್ತು ವರ್ಷ ಕಾದ ಹಂಚಿನ ಮೇಲೆ ರೊಟ್ಟಿ ತಿರುವಿದ ಹೆಬ್ಬೆರಳು. ತೇಗ ಅದರ ಮುಂದೆ ನಿಜವಾಗಿ ಏನೂ ಅಲ್ಲ. ರುದ್ರಮುನಿಯವರು ಕೈಬಿಟ್ಟರು. ಕುದುರೆ ಬಂದು ಬೆರಳಿನ ಮೇಲೆ ಕೂತಿತು.

"ಹಾಂ!" ಎಂದರು ನೀಲಗಂಗಮ್ಮ. "ಸಿಕ್ಕೊಂತು."

"ಸಿಕ್ಕೊಂತು? ಅಂದ್ರ?"

"ಬೆರಳು ಬರವಲ್ದು."

ಅಂದಾನಿ ತಬಲಾ ಬಿಟ್ಟು ನೆಗೆದರು. "ಎಳೀಬ್ಯಾಡಿ ಅಕ್ಕೋರೆ! ಸ್ಪ್ರಿಂಗ್ ಸಡ್ಲ ಮಾಡ್ಬೇಕು. ಸ್ಕ್ರೂಡ್ರೈವರ್ ಕಾರಲ್ಲದೆ, ಈಗ ಬಂದೆ!" ಎಂದು ಓಡಿದರು. ಎಗ್ಮೋರಿನಲ್ಲಿ ಸಂಜೆ ಹೊತ್ತು ಕಾರು ನಿಲ್ಲಿಸಲು ಸಿಗುವ ಜಾಗವೆಂದರೆ ಅರ್ಧ ಊರಿನಾಚೆ.

ಈಗ ವೇದಿಕೆಯ ಮೇಲೆ ಗಂಡ, ಗಂಡನ ಎದೆಗೆ ಗಿಟಾರು, ಗಿಟಾರಿನ ಬೆನ್ನಿಗೆ ಹೆಂಡತಿ. ಆಕೆ ಅತ್ತ ಹೋಗುವಂತಿಲ್ಲ, ಈತ ಇತ್ತ ಹೋಗುವಂತಿಲ್ಲ. ಸಭೆ ನೋಡುತ್ತಿದೆ.

"ಸುಮ್ನ ನಿಂತು ಏನ್ ಮಾಡೂದು," ಎಂದರು ನೀಲಗಂಗಮ್ಮ, ಯಾರಿಗೋ ಹೇಳುವಂತೆ. "ನುಡಸ್ರಿ."

ಅವರು ನುಡಿಸಿದರು. ಶ್ರುತಿ ಇದ್ದಲ್ಲೇ ಇತ್ತು. ಮೈಕು ಹೇಗೂ ನೀಲಗಂಗಮ್ಮನವರ ಬಾಯಿಯ ಹತ್ತಿರವೇ ಇತ್ತು. ಮೊದಲ ಸಾಲು ಗುನುಗಿನಂತೆ ಬಂತು, ರೊಟ್ಟಿ ತಟ್ಟುವಾಗಿನದೇ ಗುನುಗು. ಎರಡನೆಯ ಸಾಲಿಗೆ ಬಾಯಿ ತೆರೆಯಿತು. ಹೋದ ವರ್ಷ ಗಂಟಲು ಒಡೆದ ಜಾಗ ಬಂದಾಗ ರುದ್ರಮುನಿಯವರು ಈ ಸಲ ಮೆಲ್ಲಗೆ ಮೀಟಿದರು. ನೀಲಗಂಗಮ್ಮ ಅಲ್ಲಿ ಹೊಸಿಲು ದಾಟುವಷ್ಟು ಸಲೀಸಾಗಿ ದಾಟಿದರು. ಸಭಾಂಗಣದ ಮಕ್ಕಳು ತಮಿಳಿನ ಜಗಳವನ್ನೂ ಮರೆತು ಕೂತವು.

ಹಾಡು ಮುಗಿಯುವುದಕ್ಕೂ, ಅಂಗಿ ನೆಂದು ಏದುಸಿರು ಬಿಡುತ್ತ ಅಂದಾನಿ ಸ್ಕ್ರೂಡ್ರೈವರ್ ಹಿಡಿದು ಬಾಗಿಲಲ್ಲಿ ಕಾಣಿಸುವುದಕ್ಕೂ ಸರಿಹೋಯಿತು. ನೀಲಗಂಗಮ್ಮ ಹೆಬ್ಬೆರಳನ್ನು ಸುಮ್ಮನೆ ಹೊರಗೆ ತೆಗೆದು ಸೆರಗಿಗೆ ಒರೆಸಿಕೊಂಡರು.

ರುದ್ರಮುನಿಯವರು ಆ ಬೆರಳನ್ನು ನೋಡಿದರು, ಹೆಂಡತಿಯ ಮುಖ ನೋಡಿದರು.

"ಏನ್ ನೋಡ್ತೀರಿ?" ಎಂದರು ಅವರು. "ಮಂಗಳಾರತಿಗೆ ಏಳ್ರಿ. ಜನ ಹಸದಾರ."

ಅಂದಾನಿ ತಂದ ತೇಗದ ತುಂಡು ಅಂದು ರಾತ್ರಿಯೇ ಗಿಟಾರಿನ ಹೊಟ್ಟೆ ಸೇರಿತು, ಈಗಲೂ ಭದ್ರವಾಗಿದೆ. ಅಂದಾನಿಯ ಲೆಕ್ಕಾಚಾರದಲ್ಲಿ ಹೆಬ್ಬೆಟ್ಟಿಗೂ ಒಂದು ಅಧ್ಯಾಯ ಸೇರಿದೆ. ಗಿಟಾರಿನಿಂದ ಬೂದಿ ಬರುವುದಿಲ್ಲವೆಂದು ಜಯಲಕ್ಷ್ಮೀಯವರಿಗೆ ಸ್ವಲ್ಪ ಬೇಸರ. ಪ್ರತಿ ಸೋಮವಾರ ಅದರ ಕೆಳಗೆ ಅಂಗೈ ಹಿಡಿದು ನೋಡುತ್ತಾರೆ. ಪಲ್ಲಾವರದಲ್ಲಿ ಗಿಳಿಗಳು ತಾಂಬರದ ಮನೆ ಖಾಲಿಮಾಡಿ ಮರಳಿವೆಯಂತೆ.

ಮರುದಿನ ಬೆಳಿಗ್ಗೆಯೇ ಅಡಿಗೆಮನೆಯಿಂದ ತಟತಟ ಕೇಳಿಸಿತು, ಅದರ ಮೇಲೆ ಗುನುಗು. ಪಡಸಾಲೆಯಲ್ಲಿ ರುದ್ರಮುನಿಯವರು ಮೆಲ್ಲಗೆ ತಂತಿ ಮೀಟಿ ನೋಡಿದರು. ಗಿಟಾರು ಒಂದು ಸ್ವರ ಮೇಲಿತ್ತು, ಗುನುಗು ಕೆಳಗಿತ್ತು. ಹೋದ ವರ್ಷವಾಗಿದ್ದರೆ, "ಒಂಚೂರು ಮ್ಯಾಲೆ ತಗೋ," ಎಂದು ಕೂಗುತ್ತಿದ್ದರು. ಈಗ ಕೂಗಲಿಲ್ಲ. ಒಂದೊಂದೇ ಬಿರಡೆಯನ್ನು ಹಿಂದಕ್ಕೆ ತಿರುಗಿಸಿ ಗಿಟಾರನ್ನೇ ಕೆಳಗಿಳಿಸಿದರು. ಒಂದನ್ನು ಇಳಿಸಿದರೆ ಇನ್ನೊಂದು ಕದಲುತ್ತಿರಲಿಲ್ಲ. ಗುನುಗು ನಿಲ್ಲುವ ಮೊದಲೇ ಆರೂ ತಂತಿ ಅಡಿಗೆಮನೆಯ ಶ್ರುತಿಗೆ ಬಂದು ಸೇರಿದವು. ತಲೆಯ ಮೇಲೆ ವಿಮಾನವೊಂದು ಹೋಯಿತು. ಅದೂ ಅದೇ ಶ್ರುತಿಯಲ್ಲಿ ಹೋಯಿತೆಂದು ರುದ್ರಮುನಿಯವರು ಪ್ರಮಾಣ ಮಾಡುತ್ತಾರೆ.

"ರೊಟ್ಟಿ ಆರಾಕತ್ತಾವು, ಬರ್ರಿ!"

ಗುನುಗು ಮುಗಿಯುವವರೆಗೆ ಅವರು ಏಳಲಿಲ್ಲ. ಹೋಗಿ ಕೂತಾಗ ತಟ್ಟೆಯಲ್ಲಿದ್ದ ರೊಟ್ಟಿ ಆರಿ ಕಟಕಟ ಅನ್ನುತ್ತಿತ್ತು. ಅದನ್ನು ಎತ್ತಿ, ಕಣ್ಣಿನ ಮಟ್ಟಕ್ಕೆ ಹಿಡಿದು, ಅಂಚನ್ನು ಬೆರಳಿನಿಂದ ಅಳೆದು ನೋಡುತ್ತಿದ್ದರು.

"ರೀ," ಎಂದರು ನೀಲಗಂಗಮ್ಮ, ಒಲೆಯ ಕಡೆಯಿಂದ ತಿರುಗದೆ. "ಅದು ತಿನ್ನಾಕ."